ಯಾರ ಗಂಟೆ ಸರಿಯಬೇಕು?

ಜನಸಂದಣಿ ಎಂದೊಡನೆ ನಮ್ಮ ಮನಸ್ಸು ಬೆಂಗಳೂರು, ಮುಂಬಯಿಗಳಂಥ ಮಹಾನಗರಗಳ ಕಡೆಗೆ ಹರಿಯುವುದು ಸಹಜ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಬಸ್ ನಿಲ್ದಾಣದಲ್ಲಿ ಬೆಳಗಿನ 9 ಗಂಟೆಯ ಸುಮಾರಿಗೆ ಅರ್ಧ ಗಂಟೆ ನಿಂತು ನೋಡಿದವರಿಗೆ, ಸಂದಣಿಯೆಂಬುದು ನಗರದ ಗಾತ್ರಕ್ಕೆ ಸಂಬಂಧಪಟ್ಟ ವಿಷಯವಲ್ಲವೆಂಬುದು ತಾನಾಗಿಯೇ ಮನದಟ್ಟಾಗುತ್ತದೆ. ಆನಂದಪುರದ ಕಡೆಯಿಂದ, ತಾಳಗುಪ್ಪದ ಕಡೆಯಿಂದ, ನಗರ ನಿಟ್ಟೂರುಗಳ ಕಡೆಯಿಂದ, ಕೋಣಂದೂರು ಮೇಗರವಳ್ಳಿಗಳ ಕಡೆಯಿಂದ ಬರುವ ಬಸ್ಸುಗಳ ಬಾಗಿಲಲ್ಲಿ ಮಕ್ಕಳು ಜೋತಾಡುತ್ತಿರುತ್ತಾರೆ. ಒಳಗೆ ಕಾಲಿಡಲು ಎಡೆಯಿಲ್ಲ. ಪುಸ್ತಕದ ಚೀಲ ಒಬ್ಬರದು, ಅದನ್ನು ಹಿಡಿದ ಮಡಿಲು ಇನ್ನೊಬ್ಬರದು. ಅದೇ ಬಸ್ಸು ಅರ್ಧ ಗಂಟೆಯ ತರುವಾಯ ಹಳ್ಳಿಗೆ ಮರಳುವಾಗ ಬೆರಳೆಣಿಕೆಯ ಶಿಕ್ಷಕರೂ ದಾದಿಯರೂ ಮಾತ್ರ ಅದರಲ್ಲಿ ಕುಳಿತಿರುತ್ತಾರೆ. ಮತ್ತೆ ಹಳ್ಳಿಯಿಂದ ಹೊರಟು ಹನ್ನೊಂದರ ಹೊತ್ತಿಗೆ ಪೇಟೆಗೆ ಬರುವಾಗ ಅರ್ಧದಷ್ಟು ಆಸನಗಳು ಬರಿದಾಗಿರುತ್ತವೆ. ಬಸ್ಸಿನ ಕೊರತೆ ಇದೆ ಎನ್ನುವುದು ದಿಟ. ಆದರೆ ಇದ್ದ ಬಸ್ಸೇ ದಿನದ ಬಹುಭಾಗ ಖಾಲಿ ಓಡುತ್ತಿದೆ ಎನ್ನುವುದೂ ಅಷ್ಟೇ ದಿಟ.

ಇದಕ್ಕೆ ಕಾರಣವನ್ನು ದೂರ ಅರಸಬೇಕಾಗಿಲ್ಲ. ಪ್ರೌಢಶಾಲೆಯ ಗಂಟೆ, ಪದವಿಪೂರ್ವ ಕಾಲೇಜಿನ ಗಂಟೆ, ಪದವಿ ಕಾಲೇಜಿನ ಗಂಟೆ, ಬ್ಯಾಂಕಿನ ಬಾಗಿಲು, ತಾಲ್ಲೂಕು ಕಚೇರಿ, ನ್ಯಾಯಾಲಯ, ಆಸ್ಪತ್ರೆಯ ಹೊರರೋಗಿ ವಿಭಾಗ, ಇವೆಲ್ಲವೂ ಒಂಬತ್ತರಿಂದ ಹತ್ತೂವರೆಯ ಒಳಗೆ ತೆರೆಯುತ್ತವೆ. ನಮ್ಮ ರಾಜ್ಯ ಸರ್ಕಾರದ ಕಚೇರಿಗಳ ವೇಳೆ ಬೆಳಿಗ್ಗೆ 10 ರಿಂದ ಸಂಜೆ 5.30. ಪೇಟೆಯ ಎಲ್ಲ ಬಾಗಿಲುಗಳೂ ಏಕಕಾಲಕ್ಕೆ ತೆರೆದರೆ, ಅವುಗಳ ಕಡೆಗೆ ನಡೆಯುವ ಕಾಲುಗಳೂ ಏಕಕಾಲಕ್ಕೇ ಹೊರಡಬೇಕಲ್ಲವೇ?

ಕಚೇರಿ, ಕಾರ್ಖಾನೆ, ಶಾಲೆಗಳ ವೇಳೆಯನ್ನು ಸ್ವಲ್ಪ ಸ್ವಲ್ಪ ಹಿಂದುಮುಂದು ಮಾಡಿ, ಒಂದೇ ಗಳಿಗೆಯಲ್ಲಿ ಬೀಳುವ ಭಾರವನ್ನು ಹಲವು ಗಳಿಗೆಗಳಿಗೆ ಹಂಚುವ ಉಪಾಯ ಹೊಸದೇನೂ ಅಲ್ಲ. ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್ ದ್ವೀಪದ ದಕ್ಷಿಣ ಭಾಗದಲ್ಲಿ 1970ರಲ್ಲಿ ಇಂಥ ಪ್ರಯೋಗವನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡರು. ಅಲ್ಲಿನ ಅನೇಕ ಸಂಸ್ಥೆಗಳು ತಮ್ಮ ನೌಕರರ ವೇಳೆಯನ್ನು ಅರ್ಧ ಗಂಟೆಯಷ್ಟು ಸರಿಸಿಕೊಂಡುದರಿಂದ ಸುರಂಗ ರೈಲಿನ ನಿಲ್ದಾಣಗಳಲ್ಲಿ ನೂಕುನುಗ್ಗಲು ತಗ್ಗಿತು. ಟೋಕಿಯೊ ನಗರವು 2017ರ ಜುಲೈ ತಿಂಗಳಲ್ಲಿ ಇದೇ ಉದ್ದೇಶಕ್ಕಾಗಿ ಒಂದು ಆಂದೋಲನವನ್ನೇ ಹೂಡಿತು. ನಮ್ಮ ದೇಶದಲ್ಲಿ ಮಧ್ಯ ರೈಲ್ವೆಯು 2023ರ ನವೆಂಬರಿನಲ್ಲಿ ಮುಂಬಯಿಯ ತನ್ನ ಕಚೇರಿ ನೌಕರರಿಗೆ ಎರಡು ಬೇರೆ ಬೇರೆ ವೇಳೆಗಳನ್ನು ಗೊತ್ತುಪಡಿಸಿತು. ದೆಹಲಿಯಲ್ಲಿ 2024ರ ನವೆಂಬರಿನಲ್ಲಿ ಹೊಗೆಮಂಜು ಮಿತಿಮೀರಿದಾಗ ನಗರಪಾಲಿಕೆಯ ಕಚೇರಿಗಳು 8.30ಕ್ಕೆ, ಕೇಂದ್ರ ಸರ್ಕಾರದವು 9ಕ್ಕೆ, ದೆಹಲಿ ಸರ್ಕಾರದವು 10ಕ್ಕೆ ಆರಂಭವಾಗಬೇಕೆಂದು ಪ್ರಕಟಣೆ ಹೊರಟಿತು.

ಬೆಂಗಳೂರಿನ ಸಂಗತಿ ಇವಕ್ಕಿಂತ ಕುತೂಹಲಕರ. ವಾಹನ ದಟ್ಟಣೆಯ ವಿಚಾರವು ಉಚ್ಚ ನ್ಯಾಯಾಲಯದ ಮುಂದೆ ಬಂದಾಗ ಶಾಲೆಗಳ ವೇಳೆಯನ್ನು ಬದಲಿಸುವ ಸಾಧ್ಯತೆಯನ್ನು ಪರಿಶೀಲಿಸಬೇಕೆಂಬ ಸಲಹೆ ಹೊರಟಿತು. 2023ರ ಅಕ್ಟೋಬರ್ ತಿಂಗಳಲ್ಲಿ ಶಿಕ್ಷಣ ಇಲಾಖೆಯು ಶಾಲಾಡಳಿತಗಳೊಡನೆ ಸಮಾಲೋಚನೆ ನಡೆಸಿತು. ಶಾಲೆಯವರೂ ಪಾಲಕರೂ ಒಪ್ಪಲಿಲ್ಲ. ಎಳೆಯ ಮಕ್ಕಳನ್ನು ಇನ್ನಷ್ಟು ಬೇಗ ಎಬ್ಬಿಸುವುದು ಹೇಗೆ ಎಂಬುದು ಅವರ ಪ್ರಶ್ನೆಯಾಗಿತ್ತು. ವಿಷಯ ಅಲ್ಲಿಗೇ ನಿಂತಿತು.

ಅವರ ಪ್ರಶ್ನೆ ನ್ಯಾಯವಾದುದೇ. ನನ್ನನ್ನು ಕಾಡುವುದು ಬೇರೊಂದು ಸಂಗತಿ. ವೇಳೆ ಸರಿಸಬೇಕೆಂಬ ಮಾತು ಬಂದೊಡನೆ ನಮ್ಮ ಹಿರಿಯರ ಕಣ್ಣು ಮೊದಲು ಬೀಳುವುದು ಮಕ್ಕಳ ಮೇಲೆಯೇ ಏಕೆ? ಕಚೇರಿಯ ಮೇಜು ಹತ್ತರ ಬದಲು ಹನ್ನೊಂದಕ್ಕೆ ತೆರೆದರೆ ಪ್ರಳಯವಾಗುವುದೆಂದು ಭಾವಿಸುವ ನಾವು, ಏಳು ವರ್ಷದ ಕೂಸು ಆರು ಗಂಟೆಗೆ ಎದ್ದು ನಿಲ್ಲಬೇಕೆನ್ನಲು ಹಿಂಜರಿಯುವುದಿಲ್ಲ. ಮಹಾನಗರದಲ್ಲಿ ಈ ಪ್ರಸ್ತಾವ ಬಿದ್ದುಹೋದುದು ಒಳ್ಳೆಯದೇ ಆಯಿತು. ಮಲೆನಾಡಿನ ಮಟ್ಟಿಗಂತೂ ಅದನ್ನು ಎತ್ತುವುದೇ ಸಲ್ಲದು. ಏಕೆಂಬುದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ.

ನಮ್ಮ ಈ ಸೀಮೆಯಲ್ಲಿ ಬಯಲುನಾಡಿನಂತೆ ಊರು ಒತ್ತಾಗಿ ಕೂಡಿರುವುದಿಲ್ಲ. ತೋಟಕ್ಕೊಂದು ಮನೆ, ಗುಡ್ಡಕ್ಕೆರಡು ಮನೆ. ಬಸ್ಸು ಬರುವ ರಸ್ತೆಗೆ ಒಂದು ಹರದಾರಿ ನಡೆದು ಬರುವ ಮಕ್ಕಳು ಇಂದಿಗೂ ಉಂಟು. ಹೊಸನಗರ ತಾಲ್ಲೂಕಿನ ಹುಲಿಕಲ್, ಮಾಸ್ತಿಕಟ್ಟೆಯ ಕಡೆ, ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯ ಕಡೆ ಮಳೆಗಾಲವೆಂದರೆ ಹಗಲೂ ಮುಸ್ಸಂಜೆಯಂತೆಯೇ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಸಂಕ ದಾಟಿ, ಜಾರುವ ಏರಿಯ ಮೇಲೆ ನಡೆದು, ಎಂಟು ಗಂಟೆಯ ಬಸ್ಸಿಗೆ ನಿಲ್ಲುವ ಹುಡುಗಿ ಏಳಕ್ಕೆ ಮನೆ ಬಿಟ್ಟಿರುತ್ತಾಳೆ. ಶಾಲೆಯ ಗಂಟೆಯನ್ನು ಇನ್ನೊಂದು ತಾಸು ಹಿಂದಕ್ಕೆ ಸರಿಸಿದರೆ ಅವಳು ಕತ್ತಲಲ್ಲಿ ಮನೆ ಬಿಡಬೇಕು. ಮುಂದಕ್ಕೆ ಸರಿಸಿದರೆ ಕತ್ತಲಲ್ಲಿ ಮನೆ ಸೇರಬೇಕು. ಎರಡರಲ್ಲಿ ಯಾವುದನ್ನು ಆರಿಸಿದರೂ ಒಂದೆರಡು ವರ್ಷದಲ್ಲಿ ಮನೆಯವರು ‘ಓದಿದ್ದು ಸಾಕು’ ಎನ್ನುತ್ತಾರೆ. ಅದು ತಂದೆತಾಯಿಯ ಅವಿವೇಕವಲ್ಲ, ಭಯ. ಹಾಗೆ ನಿಂತುಹೋದ ಓದುಗಳ ಲೆಕ್ಕ ಯಾವ ಇಲಾಖೆಯ ದಾಖಲೆಯಲ್ಲೂ ‘ಬಸ್ಸಿನ ವೇಳೆ’ ಎಂಬ ಶೀರ್ಷಿಕೆಯಡಿ ಬರುವುದಿಲ್ಲ.

ಇನ್ನೊಂದು ತೊಡಕು ಇದೆ, ಅದನ್ನು ಯೋಜನೆ ಮಾಡುವ ಪುರುಷರು ಸಾಮಾನ್ಯವಾಗಿ ಕಾಣುವುದಿಲ್ಲ. ಹಿರಿಯ ಮಗ ಪದವಿಪೂರ್ವದಲ್ಲಿ, ಮಗಳು ಪ್ರೌಢಶಾಲೆಯಲ್ಲಿ, ಕಿರಿಯವ ಪ್ರಾಥಮಿಕ ಶಾಲೆಯಲ್ಲಿ ಓದುವ ಒಂದು ಮನೆಯನ್ನು ಊಹಿಸಿಕೊಳ್ಳಿ. ಮೂವರಿಗೂ ಮೂರು ಗಂಟೆಗಳನ್ನು ನೇಮಿಸಿದರೆ, ಬೆಳಗಿನ ಐದಕ್ಕೆ ಹೊತ್ತಿದ ತಾಯಿಯ ಒಲೆ ಹತ್ತರವರೆಗೆ ಆರುವುದಿಲ್ಲ. ಅಡಿಕೆ ಸುಲಿತದ ದಿನಗಳಲ್ಲಿ ಆಕೆ ನಡುರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತಿರುತ್ತಾಳೆಂಬುದನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ. ಅಣ್ಣನ ಜತೆಯಲ್ಲಿ ನಡೆದು ಬರುತ್ತಿದ್ದ ತಂಗಿ ಒಂಟಿಯಾಗುತ್ತಾಳೆ. ನಗರದ ಲೆಕ್ಕದಲ್ಲಿ ಪ್ರಯಾಣಿಕನೆಂದರೆ ಒಬ್ಬ ವ್ಯಕ್ತಿ. ನಮ್ಮಲ್ಲಿ ಅದು ಕೂಡಿ ನಡೆಯುವ ಒಂದು ಗುಂಪು.

ಆದುದರಿಂದ ನನ್ನ ಅಭಿಪ್ರಾಯವಿಷ್ಟು: ಶಾಲೆಯ ಮತ್ತು ಪದವಿಪೂರ್ವ ಕಾಲೇಜಿನ ಗಂಟೆ ಈಗಿರುವಲ್ಲಿಯೇ ಇರಲಿ. ಸರಿಯಬೇಕಾದುದು ದೊಡ್ಡವರ ಗಂಟೆ.

ದೊಡ್ಡವರೆಂದರೆ ಯಾರು? ಎಂಟೂವರೆಯ ಬಸ್ಸಿನಲ್ಲಿ ಮಕ್ಕಳೊಡನೆ ಒತ್ತಿಕೊಂಡು ನಿಂತಿರುವವರನ್ನು ಒಮ್ಮೆ ನೋಡಿದರೆ ಸಾಕು. ಪಹಣಿಯ ತಿದ್ದುಪಡಿಗೆ ಹೊರಟ ರೈತ, ವೃದ್ಧಾಪ್ಯ ವೇತನದ ಅರ್ಜಿ ಹಿಡಿದ ಅಜ್ಜಿ, ಬ್ಯಾಂಕಿನ ಸಾಲದ ಕಾಗದಕ್ಕೆ ರುಜು ಹಾಕಲು ಹೊರಟವರು, ವಾಯಿದೆಗೆ ಹೊರಟ ಕಕ್ಷಿಗಾರ. ಇವರಲ್ಲಿ ಯಾರಿಗೂ ಹತ್ತು ಗಂಟೆಗೆ ಸರಿಯಾಗಿ ಪೇಟೆಯಲ್ಲಿರಬೇಕಾದ ನಿಜವಾದ ಅವಶ್ಯಕತೆಯಿಲ್ಲ. ಬೇಗ ಹೋದರೆ ಬೇಗ ಕೆಲಸವಾದೀತೆಂಬ ನಂಬಿಕೆಯಿಂದ ಹೋಗುತ್ತಾರೆ. ಹೋಗಿ ಮಧ್ಯಾಹ್ನದವರೆಗೆ ಜಗಲಿಯ ಮೇಲೆ ಕಾಯುತ್ತಾರೆ. ತಾಲ್ಲೂಕು ಕಚೇರಿಯೂ ಬ್ಯಾಂಕುಗಳೂ ‘ಹಳ್ಳಿಗಳಿಂದ ಬರುವವರ ಕೆಲಸವನ್ನು ಮಧ್ಯಾಹ್ನ 12 ರಿಂದ 3ರವರೆಗೆ ಮೊದಲು ಮಾಡಿಕೊಡಲಾಗುವುದು’ ಎಂದು ಒಂದು ಹಲಗೆ ತೂಗುಹಾಕಿ, ಅದರಂತೆ ನಡೆದುಕೊಂಡರೆ ಆ ಜನ ತಾವಾಗಿಯೇ ಎರಡನೆಯ ಬಸ್ಸಿಗೆ ಸರಿಯುತ್ತಾರೆ. ನೌಕರರ ವೇಳೆಯನ್ನು ಒಂದು ನಿಮಿಷವೂ ಬದಲಿಸಬೇಕಾಗಿಲ್ಲ.

ಇದು ಬರಿಯ ಕಲ್ಪನೆಯಲ್ಲ. ಉಪನೋಂದಣಿ ಕಚೇರಿಗಳಲ್ಲಿ 2023ರಿಂದ ಬಳಕೆಗೆ ಬಂದ ಕಾವೇರಿ 2.0 ಎಂಬ ಗಣಕ ವ್ಯವಸ್ಥೆಯಲ್ಲಿ ಪತ್ರ ನೋಂದಣಿಗೆ ಮುಂಚಿತವಾಗಿಯೇ ದಿನ ಮತ್ತು ವೇಳೆಯನ್ನು ಗೊತ್ತುಮಾಡಿಕೊಳ್ಳುವ ಏರ್ಪಾಡು ಇದೆ. ಅದರ ಇತರ ಗುಣದೋಷಗಳು ಏನೇ ಇರಲಿ, ಎಲ್ಲರೂ ಒಂದೇ ಹೊತ್ತಿಗೆ ಬಂದು ಬಾಗಿಲಲ್ಲಿ ಕಿಕ್ಕಿರಿಯಬೇಕಾಗಿಲ್ಲವೆಂಬುದನ್ನು ಅದು ಅಧಿಕಾರದ ವಲಯದಲ್ಲಿಯೇ ಒಪ್ಪಿಸಿದೆ. ಇನ್ನೂ ಹಳೆಯ ನಿದರ್ಶನ ಬೇಕೆಂದರೆ ಸಂತೆಯನ್ನೇ ನೋಡಬಹುದು. ಅಕ್ಕಪಕ್ಕದ ಊರುಗಳ ಸಂತೆಗಳು ಒಂದೇ ವಾರದಂದು ಕೂಡದಂತೆ ನಮ್ಮ ಹಿಂದಿನವರು ನೋಡಿಕೊಂಡರು. ಅದೇ ವ್ಯಾಪಾರಿ, ಅದೇ ಗಾಡಿ, ಅದೇ ಸರಕು ಆರು ಊರುಗಳಿಗೆ ಒದಗಿದುದು ಹಾಗೆ. ಸಿದ್ಧಗಂಗೆಯಂಥ ಮಠಗಳಲ್ಲಿ ಸಾವಿರಾರು ವಿದ್ಯಾರ್ಥಿಗಳು ಪ್ರಸಾದ ಸ್ವೀಕರಿಸುವುದು ಪಂಕ್ತಿ ಪಂಕ್ತಿಯಾಗಿ. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂರಬೇಕೆಂದು ಹಟ ಹಿಡಿದರೆ ಎಷ್ಟು ದೊಡ್ಡ ಮನೆ ಕಟ್ಟಿದರೂ ಸಾಲದು.

ಪದವಿ ಕಾಲೇಜುಗಳ ಮಾತು ಸ್ವಲ್ಪ ಸೂಕ್ಷ್ಮ. ಸಾಗರದ ಲಾಲ್ ಬಹದ್ದೂರ್ ಕಾಲೇಜು, ಇಂದಿರಾ ಗಾಂಧಿ ಮಹಿಳಾ ಕಾಲೇಜು, ತೀರ್ಥಹಳ್ಳಿಯ ತುಂಗಾ ಮಹಾವಿದ್ಯಾಲಯ, ಹೊಸನಗರದ ಕೊಡಚಾದ್ರಿ ಕಾಲೇಜು, ಇವುಗಳಿಗೆ ಸುತ್ತಲಿನ ಹಳ್ಳಿಗಳಿಂದ ಮಕ್ಕಳು ಬರುತ್ತಾರೆ. ಪದವಿ ತರಗತಿಗಳ ಪಾಠದ ತಾಸುಗಳು ಪ್ರೌಢಶಾಲೆಯಷ್ಟು ಬಿಗಿಯಾಗಿರುವುದಿಲ್ಲವಾದುದರಿಂದ ಹಳ್ಳಿಯಿಂದ ಬರುವವರು ಹೆಚ್ಚಾಗಿರುವ ತರಗತಿಗಳ ಮೊದಲ ಪಾಠವನ್ನು ಹತ್ತೂಮುಕ್ಕಾಲಕ್ಕೆ ಇಡಲು ಸಾಧ್ಯವಿದೆ. ಆದರೆ ಕೊನೆಯ ಪಾಠ ನಾಲ್ಕನ್ನು ಮೀರಬಾರದು. ಇದಕ್ಕಾಗಿ ಮಧ್ಯಾಹ್ನದ ಬಿಡುವನ್ನು ಕಿರಿದು ಮಾಡಬೇಕಾದೀತು. ಹೆಣ್ಣುಮಕ್ಕಳ ಕಾಲೇಜಿನಲ್ಲಿ ಈ ನಿಯಮಕ್ಕೆ ಯಾವ ರಿಯಾಯಿತಿಯೂ ಇರಕೂಡದು. ಬೆಳಗಿನ ಸುಖಕ್ಕಾಗಿ ಸಂಜೆಯ ಬೆಳಕನ್ನು ಮಾರಿಕೊಳ್ಳುವುದಾದರೆ ಈಗಿನ ನೂಕುನುಗ್ಗಲೇ ಮೇಲು.

ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಐವತ್ತು ಆಸನಗಳ ಒಂದು ಬಸ್ಸು; ಮೊದಲ ಸುತ್ತಿನಲ್ಲಿ ನೂರು ಜನ, ಎರಡನೆಯ ಸುತ್ತಿನಲ್ಲಿ ಹದಿನೈದು ಜನ ಎಂದಿಟ್ಟುಕೊಳ್ಳಿ. ಕಚೇರಿಗೆ ಹೋಗುವವರೂ ಪದವಿ ವಿದ್ಯಾರ್ಥಿಗಳೂ ಸೇರಿ ನಲವತ್ತು ಜನ ಎರಡನೆಯ ಸುತ್ತಿಗೆ ಸರಿದರೆ ಮೊದಲನೆಯದರಲ್ಲಿ ಅರುವತ್ತು, ಎರಡನೆಯದರಲ್ಲಿ ಐವತ್ತೈದು. ಹೊಸ ಬಸ್ಸಿಲ್ಲ, ಹೆಚ್ಚಿನ ಡೀಸೆಲ್ ಇಲ್ಲ. ಬಾಗಿಲಲ್ಲಿ ಜೋತಾಡುವವರು ಒಳಗೆ ಬಂದು ನಿಲ್ಲುತ್ತಾರೆ. ಮಾಲೀಕನಿಗೂ ಖಾಲಿ ಸುತ್ತಿನ ನಷ್ಟ ತಪ್ಪುತ್ತದೆ.

ಆದರೆ ಈ ಲೆಕ್ಕ ಎಲ್ಲ ದಾರಿಗಳಿಗೂ ಒಪ್ಪುವುದಿಲ್ಲ. ಪೇಟೆಯಿಂದ ಅರ್ಧ ತಾಸಿನ ದಾರಿಯಾದರೆ, ಎಂಟೂಕಾಲಕ್ಕೆ ಹಳ್ಳಿ ಬಿಟ್ಟ ಬಸ್ಸು ಪೇಟೆ ಮುಟ್ಟಿ, ಹಿಂತಿರುಗಿ, ಮತ್ತೆ ಹತ್ತೂಕಾಲಕ್ಕೆ ಪೇಟೆಯಲ್ಲಿರಬಲ್ಲುದು. ಒಂದು ತಾಸಿನ ಅಥವಾ ಅದಕ್ಕೂ ಉದ್ದದ ದಾರಿಯಾದರೆ, ಎರಡನೆಯ ಸುತ್ತು ಪೇಟೆ ತಲುಪುವಾಗ ಹನ್ನೊಂದೂಮುಕ್ಕಾಲು. ಪದವಿ ವಿದ್ಯಾರ್ಥಿಗೆ ಅದು ಉಪಯೋಗಕ್ಕೆ ಬಾರದು, ಕಚೇರಿಗೆ ಹೋಗುವ ರೈತನಿಗೆ ಮಾತ್ರ ಬಂದೀತು. ನಿಟ್ಟೂರು, ಸಂಪೇಕಟ್ಟೆಗಳಂಥ ದೂರದ ದಾರಿಗಳಿಗೆ ಎರಡನೆಯದೊಂದು ಬಸ್ಸು ಬೇಕೇ ಬೇಕು. ವೇಳೆ ಹಂಚಿಕೆಯು ಬಸ್ಸಿಗೆ ಬದಲಿಯೆಂದು ಯಾರಾದರೂ ಹೇಳಿದರೆ ಒಪ್ಪಲಾಗದು.

ಬಸ್ಸಿನ ಕಥೆಯೂ ಈ ಸೀಮೆಯಲ್ಲಿ ವಿಶಿಷ್ಟವಾದುದೇ. ಮಲೆನಾಡಿನ ಸಾರಿಗೆಯು ಬಹುಕಾಲದಿಂದ ಖಾಸಗಿ ಬಸ್ಸುಗಳನ್ನೇ ನೆಚ್ಚಿಕೊಂಡಿದೆ. ನೆರೆಯ ಕೊಪ್ಪದಲ್ಲಿ, ಮುಚ್ಚಿಹೋದ ಒಂದು ಖಾಸಗಿ ಸಂಸ್ಥೆಯ ಕಾರ್ಮಿಕರೇ ಒಂದಾಗಿ 1991ರಲ್ಲಿ ಕಟ್ಟಿದ ‘ಸಹಕಾರ ಸಾರಿಗೆ’ ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗಗಳವರೆಗೆ ಓಡಿ, ದುಡಿಯುವವರೇ ಒಡೆಯರಾದ ಅಪರೂಪದ ಸಂಸ್ಥೆಯೆಂದು ಹೆಸರಾಯಿತು. 2020ರಲ್ಲಿ ಅದು ನಿಂತಾಗ ಒಳದಾರಿಗಳ ಎಷ್ಟೋ ಹಳ್ಳಿಗಳು ದಿಕ್ಕುಗಾಣದಾದವು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿನ ಚಿಂತೆಯಿಲ್ಲವಾಯಿತು. ಅದು ಬಡ ಮನೆಗಳಿಗೆ ಸಣ್ಣ ಉಪಕಾರವಲ್ಲ. ಆದರೆ ಖಾಸಗಿ ಬಸ್ಸು ಮಾತ್ರವೇ ಬರುವ ದಾರಿಯ ಹುಡುಗಿಗೆ ಆ ಉಪಕಾರ ದೊರೆಯುವುದಿಲ್ಲ. ಸರ್ಕಾರಿ ಬಸ್ಸು ಬರುವ ದಾರಿಯಲ್ಲಿ ಎಲ್ಲರೂ ಅದೊಂದಕ್ಕೇ ಕಾದು ನಿಲ್ಲುವುದರಿಂದ ಅದರ ಮುಂದೆ ಹಿಂದೆ ಓಡುವ ಬಸ್ಸು ಹಗುರಾಗಿ, ಅದೊಂದೇ ತುಂಬಿ ತುಳುಕುವುದೂ ಉಂಟು.

ಇಲ್ಲಿ ಆಡಳಿತದ ಒಂದು ಸಂಗತಿಯನ್ನು ಓದುಗರು ಗಮನಿಸಬೇಕು. ಖಾಸಗಿ ಬಸ್ಸಿನ ವೇಳೆ ಮಾಲೀಕನ ಇಚ್ಛೆಯಂತೆ ನಡೆಯುವುದಿಲ್ಲ. 1988ರ ಮೋಟಾರು ವಾಹನ ಕಾಯಿದೆಯಂತೆ, ರಹದಾರಿ ಕೊಡುವಾಗಲೇ ಪ್ರಾದೇಶಿಕ ಸಾರಿಗೆ ಪ್ರಾಧಿಕಾರವು ಅದರ ವೇಳಾಪಟ್ಟಿಯನ್ನು ಗೊತ್ತುಪಡಿಸುತ್ತದೆ. ಆ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿಗಳು. ಮಳೆ ಹೆಚ್ಚಾದಾಗ ತಾಲ್ಲೂಕುವಾರು ಶಾಲೆಗಳಿಗೆ ರಜೆ ಕೊಡುವ ಆಜ್ಞೆ ಹೊರಡುವುದೂ ಅದೇ ಕಚೇರಿಯಿಂದ. ತಾಲ್ಲೂಕು ಕಚೇರಿಗಳಿಗೆ ಮೇಲಧಿಕಾರಿಯೂ ಅವರೇ. ಹೀಗಿರುವಾಗ ಬಸ್ಸಿನ ವೇಳೆ ಒಂದು ಕಡತದಲ್ಲಿ, ಶಾಲೆಯ ವೇಳೆ ಇನ್ನೊಂದು ಕಡತದಲ್ಲಿ, ಕಚೇರಿಯ ವೇಳೆ ಮತ್ತೊಂದು ಕಡತದಲ್ಲಿ ಮಲಗಿ, ಮೂರು ಕಡತಗಳನ್ನು ಒಂದೇ ಮೇಜಿನ ಮೇಲೆ ಬಿಚ್ಚಿಡುವ ದಿನ ಬಾರದಿರುವುದು ಸೋಜಿಗ. ಎರಡು ಬಸ್ಸುಗಳು ಮೂರು ನಿಮಿಷದ ಅಂತರದಲ್ಲಿ ಒಂದನ್ನೊಂದು ಅಟ್ಟಿಸಿಕೊಂಡು ಬಂದು, ಆಮೇಲೆ ಎರಡು ತಾಸು ಯಾವುದೂ ಬಾರದ ದಾರಿಗಳನ್ನು ನಾವೆಲ್ಲರೂ ಬಲ್ಲೆವು.

ಪ್ರಕೃತಿಯನ್ನು ನೋಡಿ ಕಚೇರಿಯ ವೇಳೆಯನ್ನು ಬದಲಿಸುವ ಪದ್ಧತಿ ನಮ್ಮ ರಾಜ್ಯದಲ್ಲಿ ಇಲ್ಲವೆನ್ನುವಂತಿಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8 ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದು ರೂಢಿಯಾಗಿದೆ. ಅಲ್ಲಿನ ಬಿಸಿಲಿಗೆ ದೊರೆತ ಮನ್ನಣೆ ಇಲ್ಲಿನ ಮಳೆಗೂ ದೊರೆಯಬಾರದೇಕೆ? ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಾಲ್ಕು ತಿಂಗಳ ಮಟ್ಟಿಗಾದರೂ ಈ ಮೂರು ತಾಲ್ಲೂಕುಗಳಲ್ಲಿ ಸಾರ್ವಜನಿಕರ ಕೆಲಸದ ವೇಳೆಯನ್ನು ಮಧ್ಯಾಹ್ನಕ್ಕೆ ಸರಿಸಿ ನೋಡಬಹುದು. ನಮ್ಮ ಪೂರ್ವಿಕರ ಲೆಕ್ಕದಲ್ಲಿ ದಿನಕ್ಕೆ ಅರುವತ್ತು ಗಳಿಗೆ, ಗಳಿಗೆಯೊಂದಕ್ಕೆ ಇಪ್ಪತ್ತನಾಲ್ಕು ನಿಮಿಷ. ಇಲ್ಲಿ ಕೇಳುತ್ತಿರುವುದು ನಾಲ್ಕೈದು ಗಳಿಗೆ ಮಾತ್ರ.

ವಾಹನದ ವೇಳೆಯು ಬದುಕನ್ನು ಹೇಗೆ ಆಳಬಲ್ಲುದೆಂಬುದನ್ನು ಶರಾವತಿಯ ಹಿನ್ನೀರಿನ ಜನರಷ್ಟು ಬಲ್ಲವರು ವಿರಳ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಬಳಿಕ ಕರೂರು, ಬಾರಂಗಿ ಹೋಬಳಿಗಳ ಜನರಿಗೂ ಸಾಗರಕ್ಕೂ ನಡುವೆ ನೀರು ಹರಡಿಕೊಂಡಿತು. ಅಂಬಾರಗೋಡ್ಲು, ಕಳಸವಳ್ಳಿಗಳ ನಡುವಿನ ಲಾಂಚೇ ದಶಕಗಳ ಕಾಲ ಅವರ ರಾಜಬೀದಿ. ಸಂಜೆಯಾದೊಡನೆ ಲಾಂಚು ನಿಲ್ಲುತ್ತಿತ್ತು. ಮದುವೆಯ ಮುಹೂರ್ತವಾಗಲಿ, ಗರ್ಭಿಣಿಯ ನೋವಾಗಲಿ ಅದರ ವೇಳೆಗೆ ತಲೆಬಾಗಬೇಕಿತ್ತು. ರಜಾದಿನಗಳಲ್ಲಿ ಸಿಗಂದೂರಿಗೆ ಬರುವ ಭಕ್ತರ ವಾಹನಗಳ ಸಾಲಿನಲ್ಲಿ ಸ್ಥಳೀಯರೂ ಕಾಯಬೇಕಾಗುತ್ತಿತ್ತು. 2025ರ ಜುಲೈ 14ರಂದು ಎರಡು ಕಿಲೋಮೀಟರಿಗೂ ಉದ್ದವಾದ ಸೇತುವೆ ಉದ್ಘಾಟನೆಯಾಯಿತು. ತುಮರಿ, ಬ್ಯಾಕೋಡುಗಳ ಮನೆಗಳಿಗೆ ಅದು ಹಬ್ಬದ ದಿನವೇ ಆಗಿತ್ತು.

ಆದರೆ ಸೇತುವೆಯು ತಾನಾಗಿ ಯಾರನ್ನೂ ದಾಟಿಸುವುದಿಲ್ಲ. ಅದರ ಮೇಲೆ ಯಾವ ಹೊತ್ತಿಗೆ ಬಸ್ಸು ಓಡಬೇಕೆಂಬುದನ್ನು ಈಗ ಹೊಸದಾಗಿ ಗೊತ್ತುಮಾಡಬೇಕಾಗಿದೆ. ಹಳೆಯ ಲಾಂಚಿನ ವೇಳೆಗೆ ಹೊಂದಿಸಿದ ಪಟ್ಟಿಯನ್ನೇ ಮುಂದುವರಿಸಬೇಕಾದ ಕಾರಣವಿಲ್ಲ. ಮಕ್ಕಳಿಗೊಂದು, ಕಚೇರಿ ಆಸ್ಪತ್ರೆಗಳಿಗೆ ಹೋಗುವ ಹಿರಿಯರಿಗೆ ಇನ್ನೊಂದು, ಹೀಗೆ ಎರಡು ಬೇರೆ ಬೇರೆ ಹೊತ್ತಿನ ಬಸ್ಸುಗಳನ್ನು ಆ ದಾರಿಯಲ್ಲಿ ಮೊದಲಿಂದಲೇ ರೂಢಿಗೆ ತರುವುದು ಬೇರೆ ಕಡೆಗಿಂತ ಸುಲಭ. ಪ್ರಯೋಗವನ್ನು ಎಲ್ಲಿ ಆರಂಭಿಸಬೇಕೆಂದು ಯಾರಾದರೂ ಕೇಳಿದರೆ ನಾನು ಆ ದಾರಿಯನ್ನೇ ತೋರಿಸುವೆನು.

ಮನವಿ ಸಲ್ಲಿಸುವುದಕ್ಕೆ ಸಂಘಸಂಸ್ಥೆಗಳ ಲೆಟರ್‌ಹೆಡ್ಡೇ ಆಗಬೇಕೆಂದಿಲ್ಲ. ಪ್ರತಿ ಸರ್ಕಾರಿ ಶಾಲೆಯಲ್ಲಿ ಪಾಲಕರೇ ಸದಸ್ಯರಾಗಿರುವ ಶಾಲಾಭಿವೃದ್ಧಿ ಸಮಿತಿಯಿದೆ, ಕಾಲೇಜುಗಳಲ್ಲಿಯೂ ಅಂಥ ಸಮಿತಿಗಳಿವೆ. ಒಂದು ದಾರಿಯ ನಾಲ್ಕಾರು ಶಾಲೆಗಳ ತಾಯಂದಿರು ಸೇರಿ, ಯಾವ ನಿಲುಗಡೆಯಲ್ಲಿ ಎಷ್ಟು ಮಕ್ಕಳು ಯಾವ ಹೊತ್ತಿಗೆ ಹತ್ತುತ್ತಾರೆ, ಎಷ್ಟು ಮಂದಿ ನಿಲ್ಲುತ್ತಾರೆ, ಎಷ್ಟು ಮಂದಿಯನ್ನು ಬಿಟ್ಟು ಬಸ್ಸು ಹೋಗುತ್ತದೆ ಎಂಬುದನ್ನು ಒಂದು ವಾರ ಬರೆದಿಟ್ಟರೆ ಅದಕ್ಕಿಂತ ಬಲವಾದ ದಾಖಲೆ ಬೇರೆ ಬೇಕಾಗಿಲ್ಲ. ತಾಲ್ಲೂಕು ಕಚೇರಿಗೆ ಒಂದು ಪ್ರತಿ, ಶಿವಮೊಗ್ಗದ ಪ್ರಾದೇಶಿಕ ಸಾರಿಗೆ ಕಚೇರಿಗೆ ಒಂದು ಪ್ರತಿ, ಬ್ಯಾಂಕಿನ ವ್ಯವಸ್ಥಾಪಕರಿಗೆ ಒಂದು ಪ್ರತಿ. ಶಾಲೆಗಳು ಮತ್ತೆ ತೆರೆಯುವುದು ಜೂನ್ ಹೊತ್ತಿಗೆ. ಮಾರ್ಚಿಯಲ್ಲಿ ಪರೀಕ್ಷೆಯ ಗಡಿಬಿಡಿ ಆರಂಭವಾಗುವ ಮೊದಲೇ ಎಣಿಕೆ ಮುಗಿಸಿಕೊಂಡರೆ ಬೇಸಿಗೆಯ ಎರಡು ತಿಂಗಳು ಅಧಿಕಾರಿಗಳಿಗೆ ಯೋಚಿಸಲು ದೊರೆಯುತ್ತದೆ.